ಟ್ರೆಕ್ಕಿಂಗ್ ಬ್ಯಾಗನ್ನು ವಿಮಾನಕ್ಕೆ ಸಿದ್ಧ ಮಾಡುವುದು ಹೇಗೆ? ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನವರಿಗೆ ಒಂದು ಮಾರ್ಗದರ್ಶಿ

ಚಿಕ್ಕಬಳ್ಳಾಪುರದವರಿಗೆ ವಿಮಾನ ನಿಲ್ದಾಣ ಅಂದರೆ ಪಕ್ಕದ ಊರು. ನಂದಿ ಬೆಟ್ಟ, ಸ್ಕಂದಗಿರಿ ಹತ್ತಿ ಕಾಲು ಪಳಗಿದವರು ಈಗ ಹಿಮಾಲಯದ ಕೇದಾರಕಂಠ, ಹಂಪ್ಟಾ ಪಾಸ್ ಅಂತ ಹೊರಡುತ್ತಿದ್ದಾರೆ. ಮಧುಗಿರಿಯ ಏಕಶಿಲಾ ಬೆಟ್ಟ, ಕೋಲಾರದ ಅಂತರಗಂಗೆ ಹತ್ತಿದವರೂ ಅಷ್ಟೇ. ನಡೆಯೋಕೆ ಯಾರಿಗೂ ಭಯ ಇಲ್ಲ. ತೊಡಕಾಗುವುದು ಬ್ಯಾಗಿನ ವಿಷಯದಲ್ಲಿ. ಗ್ಯಾಸ್, ಲೈಟರ್, ಚಾಕು, ಬ್ಯಾಟರಿ, ಟೆಂಟಿನ ಮೊನಚು ಗೂಟ, ಹೀಗೆ ಬೆಟ್ಟಕ್ಕೆ ಬೇಕೇ ಬೇಕು ಅನ್ನುವ ಎಷ್ಟೋ ಸಾಮಾನು ವಿಮಾನಕ್ಕೆ ಆಗಿಬರುವುದಿಲ್ಲ. ಕಾರಿನಲ್ಲೋ ಬಸ್ಸಿನಲ್ಲೋ ಹೋಗುವಾಗ ತುಂಬುವ ಹಾಗೆ ತುಂಬಿಕೊಂಡು ಹೋದರೆ, ನಿಲ್ದಾಣದಲ್ಲಿ ಎಲ್ಲರೆದುರು ಬ್ಯಾಗು ಬಿಚ್ಚಿ ಕೂರಬೇಕಾಗುತ್ತದೆ.

ನಾನು ಎಲ್ಲರಿಗೂ ಹೇಳುವ ಸೂತ್ರ ಒಂದೇ. ಉರಿಯೋದು ಮನೇಲಿ, ಚಾರ್ಜ್ ಆಗೋದು ಕೈಯಲ್ಲಿ, ಚುಚ್ಚೋದು ಕೆಳಗೆ. ಕೆಳಗೆ ಅಂದರೆ ಕೌಂಟರಿನಲ್ಲಿ ಕೊಟ್ಟುಬಿಡುವ ಚೆಕ್-ಇನ್ ಬ್ಯಾಗಿನಲ್ಲಿ. ಇದನ್ನು ನೆನಪಿಟ್ಟುಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಉಳಿದದ್ದನ್ನು ಒಂದೊಂದಾಗಿ ನೋಡೋಣ.

ಮೊದಲು ತೂಕ, ಆಮೇಲೆ ಟಿಕೆಟ್

ದೇಶದೊಳಗಿನ ಸಾಮಾನ್ಯ ಟಿಕೆಟ್ಟಿನಲ್ಲಿ ಹೆಚ್ಚಾಗಿ ಸಿಗುವುದು 15 ಕೆ.ಜಿ. ಚೆಕ್-ಇನ್, 7 ಕೆ.ಜಿ. ಕ್ಯಾಬಿನ್, ಅಂದರೆ ವಿಮಾನದೊಳಗೆ ಒಯ್ಯುವ ಕೈಚೀಲ. ಅಗ್ಗದ ದರದ ಟಿಕೆಟ್ಟಿನಲ್ಲಿ ಚೆಕ್-ಇನ್ ಇಲ್ಲದೆಯೂ ಇರಬಹುದು. ಅದಕ್ಕೇ ದುಡ್ಡು ಕಟ್ಟುವ ಮೊದಲು ಬ್ಯಾಗೇಜ್ ಸಾಲನ್ನು ಓದಿ. ಇನ್ನೊಂದು ವಿಷಯವನ್ನೂ ನೋಡಿ. ತೂಕದ ಜೊತೆ ಎಷ್ಟು ಬ್ಯಾಗು ಅನ್ನುವುದಕ್ಕೂ ಮಿತಿ ಇರುತ್ತದೆ. ಒಬ್ಬರಿಗೆ ಒಂದೇ ಬ್ಯಾಗು ಅನ್ನುವ ಕಂಪನಿಗಳಿವೆ. ಬ್ಯಾಕ್‌ಪ್ಯಾಕು 11 ಕೆ.ಜಿ., ಟೆಂಟಿನ ಚೀಲ 3 ಕೆ.ಜಿ. ಅಂತ ಬೇರೆ ಬೇರೆ ತಂದರೆ, ಒಟ್ಟು ತೂಕ 15ರೊಳಗೇ ಇದ್ದರೂ ಎರಡನೆಯ ಬ್ಯಾಗಿಗೆ ಹಣ ಕೇಳಬಹುದು. ಎಲ್ಲವನ್ನೂ ಒಂದೇ ಗಂಟು ಮಾಡುವುದು ಒಳ್ಳೆಯದು.

ಮನೆಯಲ್ಲಿ ತೂಕ ನೋಡಿಕೊಳ್ಳಲು ಕೊಕ್ಕೆ ಇರುವ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಅದೂ ಇಲ್ಲದಿದ್ದರೆ ಬೀದಿಯ ದಿನಸಿ ಅಂಗಡಿಯವರನ್ನು ಕೇಳಿ, ಯಾರೂ ಇಲ್ಲ ಅನ್ನುವುದಿಲ್ಲ. 15ರ ಮಿತಿಗೆ 13ರ ಹತ್ತಿರ ನಿಲ್ಲಿಸಿ. ವಾಪಸ್ ಬರುವಾಗ ಬಟ್ಟೆ ತೇವ, ಟೆಂಟ್ ತೇವ. ತೂಕ ತಾನಾಗೇ ಏರಿರುತ್ತದೆ. ಜಾಸ್ತಿ ಆಗುತ್ತದೆ ಅಂತ ಖಾತ್ರಿ ಇದ್ದರೆ ಮೊದಲೇ ಆನ್‌ಲೈನಿನಲ್ಲಿ ಹೆಚ್ಚುವರಿ ತೂಕ ಕೊಂಡುಬಿಡಿ. ಕೌಂಟರಿನಲ್ಲಿ ಕೆ.ಜಿ. ಲೆಕ್ಕದಲ್ಲಿ ಕಟ್ಟುವುದು ದುಬಾರಿ.

ಟ್ರೆಕ್ಕಿಂಗ್ ಶೂ ಹಾಕಿಕೊಂಡೇ ಹೊರಡಿ. ದಪ್ಪ ಜಾಕೆಟ್ ಕೈಯಲ್ಲಿರಲಿ. ಇದರಿಂದ ತೂಕ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಚೆಕ್-ಇನ್ ಬ್ಯಾಗು ಒಂದು ದಿನ ತಡವಾಗಿ ಬಂದರೆ ಮಲಗುವ ಚೀಲ, ಕೋಲು, ಟೆಂಟ್ ಎಲ್ಲವನ್ನೂ ಬೆಟ್ಟದ ಬುಡದ ಊರಿನಲ್ಲಿ ಬಾಡಿಗೆಗೆ ತೆಗೆದುಕೊಳ್ಳಬಹುದು. ಕಾಲಿಗೆ ಹೊಂದಿಕೊಂಡ ಶೂ ಮಾತ್ರ ಎಲ್ಲೂ ಸಿಗುವುದಿಲ್ಲ.

ನೆಲದ ಮೇಲೆ ಹರಡಿ, ಮೂರು ಗುಂಪು ಮಾಡಿ

ಹೊರಡುವ ಹಿಂದಿನ ರಾತ್ರಿ ಅಲ್ಲ, ಎರಡು ದಿನ ಮೊದಲೇ ಚಾಪೆ ಹಾಸಿ ಎಲ್ಲವನ್ನೂ ಹರಡಿ, ಸೂತ್ರದ ಪ್ರಕಾರ ಮನೆಗೆ, ಕೈಗೆ, ಕೆಳಗೆ ಅಂತ ಮೂರು ಗುಂಪು ಮಾಡಿ. ಬ್ಯಾಕ್‌ಪ್ಯಾಕಿನ ಒಂದೊಂದು ಜೇಬಿಗೂ ಕೈಹಾಕಿ ಖಾಲಿ ಮಾಡಿ. ಸೊಂಟದ ಪಟ್ಟಿಯ ಪುಟ್ಟ ಜಿಪ್ ಇರುತ್ತದೆ ನೋಡಿ, ಅದನ್ನು ಯಾರೂ ನೋಡುವುದೇ ಇಲ್ಲ. ಹೋದ ಸಲ ಸ್ಕಂದಗಿರಿಗೆ ಹೋದಾಗ ಇಟ್ಟ ಬೆಂಕಿಪೊಟ್ಟಣ, ಹಣ್ಣು ಕುಯ್ಯುವ ಚಾಕು ಅಲ್ಲೇ ಕೂತಿರುತ್ತವೆ. ಮಳೆ ಕವರಿನ ಜೇಬು, ತಲೆಮುಚ್ಚಳದ ಒಳಜೇಬು, ನೀರಿನ ಚೀಲ ಇಡುವ ಹಿಂಬದಿ, ಎಲ್ಲ ಕಡೆ ನೋಡಿ.

ಚಾರ್ಜ್ ಆಗುವ ವಸ್ತುಗಳು

ಪವರ್ ಬ್ಯಾಂಕ್ ಚೆಕ್-ಇನ್ ಬ್ಯಾಗಿಗೆ ಹೋಗುವಂತೆಯೇ ಇಲ್ಲ. ಬಿಡಿ ಲಿಥಿಯಂ ಬ್ಯಾಟರಿಗಳೂ ಹಾಗೆಯೇ: ಕ್ಯಾಮೆರಾದ ಎರಡನೆಯ ಬ್ಯಾಟರಿ, ಹೆಡ್‌ಲ್ಯಾಂಪಿನ ಬದಲಿ ಬ್ಯಾಟರಿ. ಲಿಥಿಯಂ ಬ್ಯಾಟರಿ ಕೆಟ್ಟು ಬಿಸಿಯಾದರೆ ತನ್ನಷ್ಟಕ್ಕೆ ತಾನೇ ಉರಿಯುತ್ತಾ ಹೋಗುತ್ತದೆ. ಕ್ಯಾಬಿನ್‌ನಲ್ಲಿ ಹೊಗೆ ಕಂಡರೆ ಸಿಬ್ಬಂದಿ ಕೂಡಲೇ ನಂದಿಸಬಹುದು. ಕೆಳಗಿನ ಸಾಮಾನು ಕೋಣೆಗೆ ಹಾರಾಟದ ನಡುವೆ ಯಾರು ಇಳಿಯುತ್ತಾರೆ? ಈ ನಿಯಮದ ಹಿಂದಿರುವುದು ಇದೇ ಕಾರಣ. ಹಾಗಾಗಿ ಇದರಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ.

ಎಷ್ಟು ದೊಡ್ಡದು ತರಬಹುದು ಅನ್ನುವುದಕ್ಕೆ ವ್ಯಾಟ್-ಅವರ್ (Wh) ಲೆಕ್ಕ, ಅಂದರೆ ಬ್ಯಾಟರಿ ಎಷ್ಟು ಶಕ್ತಿ ಹಿಡಿದಿಡುತ್ತದೆ ಅನ್ನುವ ಅಳತೆ. 100 ವ್ಯಾಟ್-ಅವರ್ ತನಕ ಯಾರ ಅನುಮತಿಯೂ ಬೇಡ. 100ರಿಂದ 160ರ ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕಿಂತ ದೊಡ್ಡದು ಬೇಡವೇ ಬೇಡ. ಪವರ್ ಬ್ಯಾಂಕಿನ ಮೇಲೆ ಬರೀ ಎಂಎಎಚ್ (mAh) ಅಂಕಿ ಇದ್ದರೆ ಅದನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 10,000 ಎಂಎಎಚ್ ಅಂದರೆ 37 ವ್ಯಾಟ್-ಅವರ್. 20,000 ಅಂದರೆ 74. 27,000 ಅಂದರೆ 100ಕ್ಕೆ ಕೂದಲೆಳೆ ಕಡಿಮೆ. 30,000ಕ್ಕೆ ಬಂದರೆ 111 ಆಗುತ್ತದೆ, ಅಲ್ಲಿಂದ ತಕರಾರು. ನನ್ನ ಮಾತು ಕೇಳಿ, 30,000ದ ಒಂದು ಗುಂಡು ಹೊರುವ ಬದಲು 10,000ದ ಎರಡು ಇಟ್ಟುಕೊಳ್ಳಿ. ಚಳಿಗೆ ಒಂದು ಸತ್ತರೆ ಇನ್ನೊಂದು ಇರುತ್ತದೆ.

ಸಾಮರ್ಥ್ಯದ ಅಂಕಿ ಅಳಿಸಿ ಹೋಗಿರುವ ಹಳೆಯ ಪವರ್ ಬ್ಯಾಂಕನ್ನು ಒಯ್ಯಬೇಡಿ. ಅಂಕಿ ಓದಲು ಆಗದಿದ್ದರೆ ಭದ್ರತೆಯವರು ಅಲ್ಲೇ ತೆಗೆದಿಟ್ಟುಕೊಳ್ಳಬಹುದು. ಉಬ್ಬಿದ ಬ್ಯಾಟರಿಯನ್ನಂತೂ ಒಯ್ಯುವುದಿರಲಿ, ಮನೆಯಲ್ಲೂ ಇಟ್ಟುಕೊಳ್ಳಬೇಡಿ. ವಿಮಾನದೊಳಗೆ ಪವರ್ ಬ್ಯಾಂಕನ್ನು ಮೇಲಿನ ಲಾಕರಿಗೆ ಹಾಕದೆ ಸೀಟಿನ ಹತ್ತಿರವೇ ಇಟ್ಟುಕೊಳ್ಳಿ, ಅದರಿಂದ ಫೋನ್ ಚಾರ್ಜ್ ಮಾಡಬೇಡಿ.

ಬಿಡಿ ಬ್ಯಾಟರಿಗಳ ತುದಿಗೆ ಟೇಪ್ ಸುತ್ತಿ, ಒಂದೊಂದನ್ನೂ ಬೇರೆ ಕವರಿಗೆ ಹಾಕಿ. ಹೆಡ್‌ಲ್ಯಾಂಪಿನ ಗುಂಡಿ ಬ್ಯಾಗಿನೊಳಗೆ ಒತ್ತಿ ಹೋಗದ ಹಾಗೆ ಲಾಕ್ ಮಾಡಿ. ಗಾಳಿ ತುಂಬುವ ಚಿಕ್ಕ ಪಂಪು, ಚಾರ್ಜ್ ಆಗುವ ಲಾಟೀನು, ಬ್ಯಾಟರಿ ಇರುವ ಸೋಲಾರ್ ಫಲಕ, ಇವನ್ನೆಲ್ಲ ಕ್ಯಾಂಪಿಂಗ್ ಸಾಮಾನು ಅಂತ ಟೆಂಟಿನ ಜೊತೆ ಕೆಳಗೆ ಹಾಕಿಬಿಡುತ್ತೇವೆ. ಒಳಗೆ ಲಿಥಿಯಂ ಬ್ಯಾಟರಿ ಇದ್ದರೆ ಕೈಯಲ್ಲೇ ಇರಲಿ.

ಒಲೆ ಮತ್ತು ಗ್ಯಾಸ್

ಗ್ಯಾಸ್ ಕ್ಯಾನ್ ಒಯ್ಯುವಂತಿಲ್ಲ. ಕೈಯಲ್ಲೂ ಇಲ್ಲ, ಕೆಳಗೂ ಇಲ್ಲ. ಅರ್ಧ ಖಾಲಿ, ಪೂರ್ತಿ ಖಾಲಿ ಅನ್ನುವ ಮಾತೂ ನಡೆಯುವುದಿಲ್ಲ. ಸೀಮೆಎಣ್ಣೆ, ಪೆಟ್ರೋಲ್, ಸ್ಪಿರಿಟ್, ಒಲೆ ಹಚ್ಚುವ ಬಿಳಿ ಇಂಧನ ಬಿಲ್ಲೆ, ಎಲ್ಲವೂ ಇದೇ ಸಾಲಿಗೆ. ನಮ್ಮ ದೇಶದ ನಿಲ್ದಾಣಗಳಲ್ಲಿ ಲೈಟರು, ಬೆಂಕಿಪೊಟ್ಟಣವನ್ನೂ ಮನೆಯಲ್ಲೇ ಬಿಡಿ. ಇಳಿದ ಊರಿನ ಯಾವ ಪೆಟ್ಟಿಗೆ ಅಂಗಡಿಯಲ್ಲಾದರೂ ಬೆಂಕಿಪೊಟ್ಟಣ ಸಿಗುತ್ತದೆ, ಅದಕ್ಕೆ ಯಾಕೆ ತಲೆಬಿಸಿ?

ಒಲೆಯ ತಲೆ, ಅಂದರೆ ಕ್ಯಾನಿನ ಮೇಲೆ ತಿರುಗಿಸಿ ಕೂರಿಸುವ ಬರ್ನರ್, ಬೇರೆ ವಿಷಯ. ಅದರೊಳಗೆ ಇಂಧನ ನಿಲ್ಲುವುದಿಲ್ಲ. ಸೋಪಿನ ನೀರಲ್ಲಿ ತೊಳೆದು, ಒರೆಸಿ, ಒಂದು ರಾತ್ರಿ ಗಾಳಿಗೆ ಬಿಡಿ. ಮೂಗಿನ ಹತ್ತಿರ ಹಿಡಿದರೆ ಏನೂ ವಾಸನೆ ಬರಬಾರದು. ಮಸಿ ಉಳಿದಿದ್ದರೆ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತೂತುಗಳ ಸುತ್ತ ಉಜ್ಜಿ. ಆಮೇಲೆ ಪಾರದರ್ಶಕ ಕವರಿಗೆ ಹಾಕಿ ಚೆಕ್-ಇನ್ ಬ್ಯಾಗಿನ ಮೇಲ್ಭಾಗದಲ್ಲಿಡಿ. ಎಕ್ಸ್‌ರೇಯಲ್ಲಿ ಒಲೆ ಕಂಡರೆ ಒಳಗೆ ಗ್ಯಾಸ್ ಇದೆಯಾ ಅಂತ ಕೇಳಿಯೇ ಕೇಳುತ್ತಾರೆ. ಬ್ಯಾಗಿನ ತಳದಲ್ಲಿದ್ದರೆ ಇಡೀ ಬ್ಯಾಗು ಬಿಚ್ಚಬೇಕು, ಮೇಲಿದ್ದರೆ ಒಂದು ಜಿಪ್ ಎಳೆದು ತೋರಿಸಿದರೆ ಮುಗಿಯಿತು. ಅಷ್ಟಾದರೂ ಕೆಲವು ಕಂಪನಿಗಳು ಒಲೆ ಬೇಡ ಅನ್ನಬಹುದು, ಕೊನೆಯ ಮಾತು ಅವರದೇ. ಮೊದಲೇ ಇಮೇಲ್ ಮಾಡಿ ಕೇಳಿ, ಉತ್ತರವನ್ನು ಫೋನಿನಲ್ಲಿ ಇಟ್ಟುಕೊಳ್ಳಿ.

ಪಂಪ್ ಹೊಡೆಯುವ ಸೀಮೆಎಣ್ಣೆ ಒಲೆ, ಅದರ ಇಂಧನದ ಬಾಟಲಿ ಇದ್ದರೆ ಬಿಟ್ಟು ಹೋಗಿ. ಪೂರ್ತಿ ಖಾಲಿ ಮಾಡಿ, ಒಣಗಿಸಿ, ಕಂಪನಿಯ ಒಪ್ಪಿಗೆ ಪಡೆದು ಒಯ್ಯುವ ದಾರಿ ನಿಯಮದಲ್ಲಿದೆ, ನಿಜ. ಆದರೆ ಸೀಮೆಎಣ್ಣೆ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ, ಅಲ್ವಾ? ಆ ವಾಸನೆ ಇರುವ ತನಕ ವಾದ ಮಾಡಿ ಪ್ರಯೋಜನ ಇಲ್ಲ.

ಹಾಗಾದರೆ ಗ್ಯಾಸ್ ಎಲ್ಲಿ? ಇಳಿದ ಮೇಲೆ ಕೊಳ್ಳಬೇಕು. ಡೆಹ್ರಾಡೂನ್, ಮನಾಲಿ, ಲೇಹ್‌ನಂಥ ಊರುಗಳ ಟ್ರೆಕ್ಕಿಂಗ್ ಅಂಗಡಿಗಳಲ್ಲಿ ವಿಚಾರಿಸಿ. ಹೊರಡುವ ಮೊದಲೇ ಫೋನ್ ಮಾಡಿ ಎರಡು ವಿಷಯ ಕೇಳಿ. ಒಂದು, ಕ್ಯಾನಿನ ಬಾಯಿ ತಿರುಪಿನದೋ ಅಥವಾ ಉದ್ದ ಡಬ್ಬಿಯ ಸಿಕ್ಕಿಸುವ ಬಾಯಿಯೋ. ನಿಮ್ಮ ಬರ್ನರಿಗೆ ಹೊಂದದಿದ್ದರೆ ನಡುವೆ ಹಾಕುವ ಅಡಾಪ್ಟರ್ ಬೇಕು. ಎರಡು, ಒಳಗೆ ಯಾವ ಗ್ಯಾಸ್. ಬರೀ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ನಂದಿ ಬೆಟ್ಟದ ಕೆಳಗಿನ ತೋಟದಲ್ಲಿ ಚೆನ್ನಾಗಿ ಉರಿದ ಒಲೆ ಹಿಮದಲ್ಲಿ ಸುಮ್ನೆ ಕೂರುತ್ತದೆ. ಐಸೋಬ್ಯೂಟೇನ್ ಸುಮಾರು ಮೈನಸ್ 12 ಡಿಗ್ರಿ ತನಕ, ಪ್ರೊಪೇನ್ ಮೈನಸ್ 42ರ ತನಕ ಆವಿಯಾಗುತ್ತದೆ. ಚಳಿಗಾಲದ ಟ್ರೆಕ್ಕಿಗೆ ಈ ಎರಡೂ ಬೆರೆತ ಕ್ಯಾನ್ ಕೇಳಿ ತೆಗೆದುಕೊಳ್ಳಿ.

ಮೊದಲ ಸಲ ಹೋಗುವವರು ಸಾಮಾನ್ಯವಾಗಿ ಯಾವುದಾದರೂ ತಂಡದ ಜೊತೆ ಹೋಗುತ್ತಾರೆ. ಅಡುಗೆ, ಟೆಂಟು ಅವರೇ ನೋಡಿಕೊಳ್ಳುತ್ತಾರೆ. ಅಂಥವರು ಒಲೆ ಮುಟ್ಟಲೇ ಬೇಡಿ. ಟೆಂಟಿನ ವಿಷಯದಲ್ಲೂ ಒಮ್ಮೆ ವಿಚಾರಿಸಿ. ಉತ್ತರಾಖಂಡದ ಎತ್ತರದ ಹುಲ್ಲುಗಾವಲುಗಳಲ್ಲಿ, ಅವರು ಬುಗ್ಯಾಲ್ ಅನ್ನುವ ಕಡೆ, ರಾತ್ರಿ ತಂಗುವುದನ್ನು ಅಲ್ಲಿನ ಹೈಕೋರ್ಟ್ 2018ರಲ್ಲಿ ನಿಷೇಧಿಸಿತು. ಹಾಕಲಾಗದ ಟೆಂಟನ್ನು ದೇವನಹಳ್ಳಿಯಿಂದ ಹೊತ್ತು ಏನು ಮಾಡೋದು?

ನಮ್ಮ ಅಡುಗೆಮನೆಯಿಂದ ಬ್ಯಾಗಿಗೆ ಬರುವವು

ವಿಮಾನದ ಬಗೆಗಿನ ಸಲಹೆಗಳಲ್ಲಿ ನಮ್ಮ ಕಡೆಯವರಿಗೆ ಬೇಕಾದ ಈ ಭಾಗವೇ ಇರುವುದಿಲ್ಲ. ತಿಪಟೂರು ಕಡೆಯವರು ಗಮನವಿಟ್ಟು ಓದಿ. ಕೊಬ್ಬರಿ ವಿಮಾನಕ್ಕೆ ನಿಷಿದ್ಧ. ಕೈಚೀಲಕ್ಕೂ ಇಲ್ಲ, ಚೆಕ್-ಇನ್ನಿಗೂ ಇಲ್ಲ. ದಾರಿಯಲ್ಲಿ ಬೆಲ್ಲದ ಜೊತೆ ಕಡಿಯೋಕೆ ಅದಕ್ಕಿಂತ ಒಳ್ಳೆಯದು ಇಲ್ಲ ಅನ್ನುವುದು ಸರಿ. ಆದರೆ ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ರಾಶಿಯಲ್ಲಿದ್ದಾಗ ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳುವ ಗುಣ ಇದೆ. ಅಂತರರಾಷ್ಟ್ರೀಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಅದಕ್ಕೆ 1363 ಅನ್ನುವ ಸಂಖ್ಯೆಯೇ ಇದೆ. ಒಂದು ಗಿಟುಕು ತಾನೇ ಅಂತ ಅಂದುಕೊಂಡರೆ ಎಕ್ಸ್‌ರೇಯಲ್ಲಿ ಆ ದುಂಡಗಿನ ಆಕಾರ ಕೂಡಲೇ ಕಾಣುತ್ತದೆ.

ಕರ್ಪೂರವೂ ಬೇಡ. ಕೇದಾರನಾಥಕ್ಕೆ ಹೋಗುವವರು ಪೂಜೆಗೆ ಅಂತ, ಟ್ರೆಕ್ಕಿಗೆ ಹೋಗುವವರು ಬೆಂಕಿ ಹಚ್ಚೋಕೆ, ಎತ್ತರದಲ್ಲಿ ಮೂಸೋಕೆ ಅಂತ ಇಟ್ಟುಕೊಳ್ಳುತ್ತಾರೆ. ಅದು ಸುಲಭವಾಗಿ ಹೊತ್ತುವ ಘನವಸ್ತು, ಅದೇ ಅಪಾಯಕಾರಿ ಪಟ್ಟಿಯಲ್ಲಿದೆ. ಎತ್ತರದ ಊರುಗಳಿಗೆ ಅಂತ ಮಾರುವ ಪುಟ್ಟ ಆಮ್ಲಜನಕದ ಕ್ಯಾನ್ ಕೂಡ ಒಯ್ಯುವಂತಿಲ್ಲ, ಒತ್ತಿ ತುಂಬಿದ ಅನಿಲ ಅದು.

ಖಾರದಪುಡಿ, ಉಪ್ಪಿನಕಾಯಿ, ತುಪ್ಪ ಇದ್ದರೆ ಚೆಕ್-ಇನ್ ಬ್ಯಾಗಿಗೆ. ಕಣ್ಣಿಗೆ ಎರಚಬಹುದು ಅನ್ನುವ ಕಾರಣಕ್ಕೆ ಖಾರದಪುಡಿಯನ್ನು ಕ್ಯಾಬಿನ್‌ಗೆ ಬಿಡುವುದಿಲ್ಲ. ಉಪ್ಪಿನಕಾಯಿಯನ್ನು ಗಾಜಿನ ಬಾಟಲಿ ಬಿಟ್ಟು ತಿರುಪಿನ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಿ, ಎರಡು ಕವರ್ ಸುತ್ತಿ. ಎಣ್ಣೆ ಸೋರಿ ಮಲಗುವ ಚೀಲಕ್ಕೆ ತಗುಲಿದರೆ ಆ ಚೀಲದ ಗತಿ ಮುಗಿಯಿತು.

ಟ್ರೆಕ್ಕಿಗೆ ನಾನು ಮನಸಾರೆ ಹೇಳುವ ಆಹಾರ ರಾಗಿ ಹುರಿಹಿಟ್ಟು. ಒಲೆ ಹಚ್ಚುವ ಕೆಲಸವೇ ಇಲ್ಲ. ಬಿಸಿನೀರೋ ಹಾಲೋ ಸಿಕ್ಕಿದರೆ ಸಾಕು, ಬೆಲ್ಲದ ಪುಡಿ ಬೆರೆಸಿ ಕಲಸಿಕೊಂಡರೆ ಮಧ್ಯಾಹ್ನದ ತನಕ ಹೊಟ್ಟೆ ಕೇಳುವುದಿಲ್ಲ. ಆದರೆ ಹೆಸರಿಲ್ಲದ ಕವರಿನಲ್ಲಿ ಕಂದು ಪುಡಿ ಇದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ಅರ್ಧರ್ಧ ಕೆ.ಜಿ. ಪಾರದರ್ಶಕ ಪೊಟ್ಟಣ ಮಾಡಿ, ಮೇಲೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ರಾಗಿ ಹಿಟ್ಟು ಅಂತ ಬರೆದು, ಕೆಳಗೆ ಹಾಕಿ. ನಿಪ್ಪಟ್ಟು, ಕಡಲೆಕಾಯಿ ಚಿಕ್ಕಿ ಕೈಚೀಲದಲ್ಲಿರಲಿ. ನೀರಿನ ಬಾಟಲಿ ಖಾಲಿ ಒಯ್ದು ಭದ್ರತಾ ತಪಾಸಣೆ ಮುಗಿದ ಮೇಲೆ ತುಂಬಿಕೊಳ್ಳಿ.

ಚುಚ್ಚುವವು, ಮತ್ತು ಕೈಯಲ್ಲಿ ಹಿಡಿಯಲೇ ಬಾರದ ಒಂದು

ಟ್ರೆಕ್ಕಿಂಗ್ ಕೋಲು, ಟೆಂಟಿನ ಗೂಟ ಮತ್ತು ಕಂಬಿ, ಚಾಕು, ಮಲ್ಟಿಟೂಲ್, ಹಿಮಕ್ಕೆ ಶೂ ಕೆಳಗೆ ಕಟ್ಟುವ ಮುಳ್ಳು, ಹಗ್ಗ, ಎಲ್ಲ ಕೆಳಗೆ. ಕೋಲುಗಳನ್ನು ಬ್ಯಾಗಿನ ಹೊರಗೆ ಕಟ್ಟಬೇಡಿ, ನಿಲ್ದಾಣದಲ್ಲಿ ಬ್ಯಾಗು ಸಾಗಿಸುವ ಬೆಲ್ಟಿನಲ್ಲಿ ಸಿಕ್ಕಿ ಮುರಿಯುತ್ತವೆ. ಪೂರ್ತಿ ಮಡಚಿ, ತುದಿಗೆ ರಬ್ಬರ್ ಟೋಪಿ ಹಾಕಿ, ಚಾಪೆಯೊಳಗೆ ಸುತ್ತಿ ಒಳಗಿಡಿ. ಗೂಟಗಳನ್ನು ಹಳೆ ಕಾಲುಚೀಲಕ್ಕೆ ಹಾಕಿ ಗಂಟು ಕಟ್ಟಿ.

ಸ್ಯಾಟಲೈಟ್ ಫೋನ್ ಮತ್ತು ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನಗಳ ಬಗ್ಗೆ ತುಂಬಾ ಎಚ್ಚರ ಇರಲಿ. ವಿದೇಶದಲ್ಲಿರುವ ಅಣ್ಣನೋ ಅಕ್ಕನೋ ಪ್ರೀತಿಯಿಂದ ತಂದುಕೊಟ್ಟಿರಬಹುದು. ಬೇರೆ ದೇಶಗಳಲ್ಲಿ ಟ್ರೆಕ್ಕಿಂಗ್ ಮಾಡುವವರು ಅದನ್ನು ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಹೊಂದಿರುವುದೇ ಅಪರಾಧ. ವಿಮಾನ ನಿಲ್ದಾಣಗಳಲ್ಲಿ ಇದೇ ಕಾರಣಕ್ಕೆ ಪ್ರವಾಸಿಗರನ್ನು ಪೊಲೀಸರು ವಶಕ್ಕೆ ಪಡೆದಿದ್ದಾರೆ. ಯಾವ ಬ್ಯಾಗಿನಲ್ಲೂ ಬೇಡ.

ಬ್ಯಾಗಿಗೆ ಹೊದಿಕೆ

ಬ್ಯಾಕ್‌ಪ್ಯಾಕಿನಲ್ಲಿ ಜೋತುಬೀಳುವ ಪಟ್ಟಿಗಳು ಹತ್ತಾರು. ಬೆಲ್ಟಿನ ಸಂದಿಗೆ ಒಂದು ಸಿಕ್ಕಿದರೂ ಹರಿಯುತ್ತದೆ. ಸೊಂಟದ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ ಬ್ಯಾಗಿನ ಮುಂಭಾಗದಲ್ಲಿ ಬಕಲ್ ಹಾಕಿ, ಉಳಿದ ತುದಿಗಳನ್ನು ಒಳಗೆ ಸಿಕ್ಕಿಸಿ. ಮಳೆ ಕವರ್ ಮಾತ್ರ ಹಾಕಿದರೆ ಅದು ಜಾರಿ ಹೋಗುತ್ತದೆ.

ದುಬಾರಿ ಕವರ್ ಕೊಳ್ಳಬೇಕಿಲ್ಲ. ದೊಡ್ಡ ಪ್ಲಾಸ್ಟಿಕ್ ಗೋಣಿಚೀಲ ತಂದು, ಬ್ಯಾಗು ಇಳಿಸಿ, ಬಾಯಿಯನ್ನು ದಬ್ಬಳದಲ್ಲಿ ಸುತಲಿ ಹಾಕಿ ಅರ್ಧ ಹೊಲಿದು ಕಟ್ಟಿದರೆ ಗಟ್ಟಿಯಾಗಿ ಕೂರುತ್ತದೆ. ಎತ್ತಲು ಹಿಡಿಕೆ ಮಾತ್ರ ಹೊರಗಿರಲಿ. ಒಂದು ಎಚ್ಚರಿಕೆ: ಗೊಬ್ಬರದ ಚೀಲ ಬಳಸಬೇಡಿ. ಸ್ಫೋಟಕ ಪತ್ತೆ ಮಾಡುವ ಯಂತ್ರ ಹುಡುಕುವ ರಾಸಾಯನಿಕಗಳಲ್ಲಿ ನೈಟ್ರೇಟ್ ಇದೆ, ಹಲವು ಗೊಬ್ಬರಗಳಲ್ಲೂ ನೈಟ್ರೇಟ್ ಇರುತ್ತದೆ. ಎಷ್ಟು ಕೊಡವಿದರೂ ಪುಡಿ ಉಳಿಯುತ್ತದೆ. ತೋಟದಲ್ಲಿ ಗೊಬ್ಬರ ಹಾಕುವಾಗ ತೊಟ್ಟ ಶೂ, ಬಟ್ಟೆ ಇದ್ದರೆ ಅವನ್ನೂ ಚೆನ್ನಾಗಿ ತೊಳೆದು ಒಯ್ಯಿರಿ. ಹೊಸ ಚೀಲವೋ ಅಕ್ಕಿ ಚೀಲವೋ ಸಾಕು. ಬ್ಯಾಗಿನ ಒಳಗೂ ಹೊರಗೂ ಹೆಸರು, ಫೋನ್ ನಂಬರ್ ಬರೆದ ಚೀಟಿ ಇಡಿ, ಒಂದು ಫೋಟೊ ತೆಗೆದುಕೊಳ್ಳಿ. ಬಿಚ್ಚುವಂತೆ ಹೇಳಿದರೆ ಬೇಕಾಗುತ್ತದೆ, ಸುತಲಿ ಸ್ವಲ್ಪ ಜೊತೆಗಿರಲಿ.

ನಿಲ್ದಾಣಕ್ಕೆ

ಚಿಕ್ಕಬಳ್ಳಾಪುರದಿಂದ ರಾಷ್ಟ್ರೀಯ ಹೆದ್ದಾರಿ 44 ಹಿಡಿದರೆ ನೇರ. ತುಮಕೂರಿನವರು ಬೆಂಗಳೂರು ಹೊಕ್ಕು ಹೆಬ್ಬಾಳದಲ್ಲಿ ಸಿಕ್ಕಿಹಾಕಿಕೊಳ್ಳುವುದು ಬೇಡ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಬನ್ನಿ. ಕೋಲಾರದವರಿಗೆ ಹೊಸಕೋಟೆ, ಸೂಲಿಬೆಲೆ ಮೇಲೆ ದೇವನಹಳ್ಳಿ. ಟರ್ಮಿನಲ್ 1 ಅಥವಾ 2, ಯಾವುದು ಅಂತ ಟಿಕೆಟ್ಟಿನಲ್ಲಿ ನೋಡಿ. ದೊಡ್ಡ ಬ್ಯಾಗು ಹೊತ್ತು ತಪ್ಪು ಟರ್ಮಿನಲ್ಲಿನಲ್ಲಿ ಇಳಿದರೆ ಕಷ್ಟ. ಡಿಸೆಂಬರ್, ಜನವರಿಯ ಬೆಳಗಿನ ಜಾವ ದೇವನಹಳ್ಳಿ ಸುತ್ತ ದಟ್ಟ ಮಂಜು ಇರುತ್ತದೆ. ರಸ್ತೆಯೂ ನಿಧಾನ, ವಿಮಾನವೂ ತಡ. ಆ ತಿಂಗಳುಗಳಲ್ಲಿ ದೆಹಲಿಯಲ್ಲಿ ವಿಮಾನ ಬದಲಿಸುವವರು ನಡುವೆ ಸಾಕಷ್ಟು ಅಂತರ ಇಟ್ಟುಕೊಳ್ಳಿ.

ಎರಡೂವರೆ ಗಂಟೆ ಮೊದಲೇ ಅಲ್ಲಿರಿ. ದೇಶದೊಳಗಿನ ವಿಮಾನಗಳಿಗೆ ಸಾಮಾನ್ಯವಾಗಿ ಹೊರಡುವ ಒಂದು ಗಂಟೆ ಮೊದಲು ಕೌಂಟರ್ ಮುಚ್ಚುತ್ತದೆ. ಕೌಂಟರಿನವರು, "ಸರ್, ಇದರಲ್ಲಿ ಪವರ್ ಬ್ಯಾಂಕ್, ಲೈಟರ್ ಏನಾದ್ರೂ ಇದೆಯಾ?" ಅಂತ ಕೇಳುತ್ತಾರೆ. ಒಲೆ ಇದ್ದರೆ ಆಗಲೇ ಹೇಳಿಬಿಡಿ: "ಮೇಡಂ, ಖಾಲಿ ಬರ್ನರ್ ಒಂದಿದೆ, ತೊಳೆದಿದ್ದೀನಿ, ಗ್ಯಾಸ್ ಇಲ್ಲ." ಗೋಣಿ ಸುತ್ತಿದ ಬ್ಯಾಗನ್ನು ದೊಡ್ಡ ಸಾಮಾನುಗಳ ಬೇರೆ ಜಾಗಕ್ಕೆ ಒಯ್ಯಿ ಅನ್ನಬಹುದು, ಅದಕ್ಕೂ ಸಮಯ ಬೇಕು. ಬ್ಯಾಗು ಕೊಟ್ಟ ಕೂಡಲೇ ಒಳಗೆ ಓಡಬೇಡಿ, ಸ್ವಲ್ಪ ಹೊತ್ತು ಅಲ್ಲೇ ಇರಿ. ಎಕ್ಸ್‌ರೇಯಲ್ಲಿ ಏನಾದರೂ ಕಂಡರೆ ನಿಮ್ಮನ್ನೇ ಕರೆಯುತ್ತಾರೆ. ಫೋನ್ ಸೈಲೆಂಟಿನಲ್ಲಿ ಇಡಬೇಡಿ.

ಮಾತ್ರೆಗಳು, ಗುರುತಿನ ಚೀಟಿ, ಟ್ರೆಕ್ಕಿಗೆ ಕೇಳುವ ವೈದ್ಯಕೀಯ ಪ್ರಮಾಣಪತ್ರ, ಒಂದು ಜೊತೆ ಬೆಚ್ಚನೆಯ ಒಳಉಡುಪು ಕೈಚೀಲದಲ್ಲಿರಲಿ. ಲೇಹ್‌ಗೆ ನೇರ ಹಾರುವವರಿಗಂತೂ ಇದು ಮುಖ್ಯ. 1,478 ಮೀಟರಿನ ನಂದಿ ಬೆಟ್ಟವೇ ನಮಗೆ ಎತ್ತರ, ಲೇಹ್ ಊರು ಇರುವುದೇ 3,500 ಮೀಟರಿನಲ್ಲಿ. ಇಳಿದ ದಿನ ತಣ್ಣಗಿರುತ್ತದೆ, ಉಸಿರೂ ಎಳೆಯುತ್ತದೆ. ಬ್ಯಾಗಿಗಾಗಿ ಓಡಾಡುವ ಸ್ಥಿತಿ ಅಲ್ಲ ಅದು.

ವಾಪಸ್ ಬರುವಾಗ

ಹೋಗುವಾಗ ಇದ್ದ ಎಚ್ಚರ ಬರುವಾಗ ಇರುವುದಿಲ್ಲ. ದಣಿದಿರುತ್ತೇವೆ, ಸಿಕ್ಕಿದ್ದನ್ನು ಸಿಕ್ಕಿದ ಕಡೆ ತುರುಕುತ್ತೇವೆ. ಉಳಿದ ಗ್ಯಾಸ್ ಕ್ಯಾನನ್ನು ಮುಂದಿನ ತಂಡಕ್ಕೋ ಅಂಗಡಿಗೋ ಕೊಟ್ಟುಬಿಡಿ, ಬೆಟ್ಟದಲ್ಲಿ ಎಸೆಯಬೇಡಿ. ಅಲ್ಲಿ ಕೊಂಡ ಬೆಂಕಿಪೊಟ್ಟಣ ಸೊಂಟದ ಜೇಬಿನಲ್ಲಿದೆಯಾ ನೋಡಿ. ಪವರ್ ಬ್ಯಾಂಕ್ ಮಲಗುವ ಚೀಲದೊಳಗೆ ಉಳಿದಿರುತ್ತದೆ, ಏಕೆಂದರೆ ರಾತ್ರಿ ಚಳಿಗೆ ಬ್ಯಾಟರಿ ಇಳಿಯದಿರಲಿ ಅಂತ ನಾವೇ ಅಲ್ಲಿಟ್ಟಿರುತ್ತೇವೆ. ಚೀಲ ಸುತ್ತುವ ಮೊದಲು ತಳದ ತನಕ ಕೈಹಾಕಿ ತಡಕಿ. ಬರ್ನರ್ ಮತ್ತೆ ತೊಳೆಯಬೇಕು, ಶೂ ಕೆಳಗಿನ ಮಣ್ಣು ಕೆರೆಯಬೇಕು. ಟೆಂಟನ್ನು ಹೋಟೆಲಿನ ಮಹಡಿಯಲ್ಲಿ ಒಂದು ಗಂಟೆ ಬಿಸಿಲಿಗೆ ಹರಡಿದರೂ ಗಣನೀಯವಾಗಿ ಹಗುರಾಗುತ್ತದೆ. ಬಿಸಿಲು ಸಿಗದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಬೇರೆಯಾಗಿ ಸುತ್ತಿ ತನ್ನಿ, ಊರು ಸೇರಿದ ದಿನವೇ ಬಿಚ್ಚಿ ಒಣಗಿಸಿ.